ಕ್ಯಾಪ್ಟನ್ ಮುಲ್ಲಾ ಬಿಟ್ಟುಹೋದ ದಾಯ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯು ಕಡಲಿನಿಂದ ಬಹುದೂರದಲ್ಲಿದೆ. ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯು ಕಾಗಿಣೆಯನ್ನು ಸೇರುತ್ತದೆ. ಕಾಗಿಣೆಯು ಮಳಖೇಡದ ಕೋಟೆಯ ಗೋಡೆಯನ್ನು ಬಳಸಿ ಹರಿದು ಭೀಮೆಯಲ್ಲಿ ಒಂದಾಗುತ್ತದೆ. ಭೀಮೆಯು ಕೃಷ್ಣೆಗೆ ಕೂಡಿ, ಕೊನೆಗೆ ಆ ನೀರೆಲ್ಲವೂ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಈ ನಾಡಿನ ನೀರು ಕಡಲನ್ನು ಕಂಡಿದ್ದರೂ ಇಲ್ಲಿನ ಜನರಲ್ಲಿ ಅನೇಕರು ಅದನ್ನು ಕಂಡಿಲ್ಲ. ಅವರ ಬದುಕು ತೊಗರಿಯ ಹೊಲ, ಕಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆ ಇವುಗಳ ಸುತ್ತ ನಡೆಯುತ್ತದೆ. ಮನೆಯ ಹಿರಿಯನು ಕಾಲವಾದಾಗ ಹೊಲವೆಷ್ಟು, ಮನೆಯೆಷ್ಟು, ಬಾವಿಯ ನೀರು ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಹೀಗೆ ಹಿರಿಯರಿಂದ ಕಿರಿಯರಿಗೆ ಬರುವ ಸ್ವತ್ತಿಗೆ ನಮ್ಮ ಪೂರ್ವಿಕರು ಇಟ್ಟ ಹೆಸರು ದಾಯ.

ದಾಯವೆಂದರೇನು, ಅದು ಯಾರಿಗೆ ಸಲ್ಲಬೇಕು ಎಂಬುದನ್ನು ಭಾರತದ ಬಹುಭಾಗಕ್ಕೆ ತಿಳಿಸಿಕೊಟ್ಟ ವಿದ್ವಾಂಸನ ಹೆಸರು ಇದೇ ಸೀಮೆಗೆ ಸೇರಿದೆ. ಶಹಾಬಾದಿನ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾಗಿದೆ. 1076ರಿಂದ 1126ರವರೆಗೆ ಆಳಿದ ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ದೇಶದ ಉಳಿದ ಕಡೆಗಳಲ್ಲಿ ಹಿಂದೂ ಕುಟುಂಬಗಳ ಆಸ್ತಿಯ ವ್ಯಾಜ್ಯಗಳನ್ನು ನ್ಯಾಯಾಲಯಗಳು ಬಹುಕಾಲ ಇದೇ ಗ್ರಂಥದ ಆಧಾರದಿಂದ ತೀರ್ಮಾನಿಸಿದವು. ದಾಯದಲ್ಲಿ ಎರಡು ಬಗೆಯೆಂದು ವಿಜ್ಞಾನೇಶ್ವರನು ಹೇಳುತ್ತಾನೆ. ಹುಟ್ಟಿದ ಕ್ಷಣದಿಂದಲೇ ಯಾವ ಅಡ್ಡಿಯೂ ಇಲ್ಲದೆ ಸಲ್ಲುವುದು ಅಪ್ರತಿಬಂಧ ದಾಯ. ಸ್ವತ್ತಿನ ಒಡೆಯನು ಗತಿಸಿದ ಮೇಲೆ ಮಾತ್ರ ಸಲ್ಲುವುದು ಸಪ್ರತಿಬಂಧ ದಾಯ. ಹೊಲಮನೆಗಳ ವಿಷಯದಲ್ಲಿ ಇದು ಸ್ಪಷ್ಟವಾದ ವಿಂಗಡಣೆ. ಆದರೆ ಒಬ್ಬ ಮನುಷ್ಯನು ಹೊಲವನ್ನಾಗಲಿ ಮನೆಯನ್ನಾಗಲಿ ಅಲ್ಲ, ಒಂದು ಸಾವನ್ನೇ ತನ್ನವರಿಗೆ ಬಿಟ್ಟುಹೋದರೆ ಅದು ಎಂಥ ದಾಯ? ಅದಕ್ಕೆ ವಾರಸುದಾರರು ಯಾರು? ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಜೀವನವು ನಮ್ಮ ಮುಂದೆ ಇಡುವ ಪ್ರಶ್ನೆ ಇದು.

ಮಹೇಂದ್ರನಾಥರು 1926ರ ಮೇ 15ರಂದು ಉತ್ತರ ಪ್ರದೇಶದ ಗೋರಖಪುರದಲ್ಲಿ ಜನಿಸಿದರು. ಅವರದು ನ್ಯಾಯವಾದಿಗಳೂ ನ್ಯಾಯಾಧೀಶರೂ ಇದ್ದ ಕಾಶ್ಮೀರಿ ಪಂಡಿತರ ಮನೆತನ. ಮರತೂರಿನ ವಿದ್ವಾಂಸನ ಗ್ರಂಥವನ್ನೇ ಆಧಾರವಾಗಿ ಹಿಡಿದು ವಾದ ಮಾಡುವ ನ್ಯಾಯಾಲಯಗಳು ಆ ನಾಡಿನಲ್ಲಿಯೂ ಇದ್ದವು. ಅಂಥ ಮನೆಯಲ್ಲಿ ಹುಟ್ಟಿದ ಹುಡುಗನು ಕಪ್ಪು ನಿಲುವಂಗಿಯನ್ನು ತೊಟ್ಟು ನ್ಯಾಯಾಲಯದ ಮೆಟ್ಟಿಲನ್ನೇರಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ ಮಹೇಂದ್ರನಾಥರು ಮನೆತನದ ದಾರಿಯನ್ನು ಬಿಟ್ಟು ಕಡಲಿನ ದಾರಿಯನ್ನು ಆರಿಸಿಕೊಂಡರು. 1946ರ ಜನವರಿಯಲ್ಲಿ ಅಂದಿನ ರಾಯಲ್ ಇಂಡಿಯನ್ ನೇವಿಯನ್ನು ಕೆಡೆಟ್ ಆಗಿ ಸೇರಿದರು. ದೇಶವು ಸ್ವತಂತ್ರವಾದ ಮರುವರ್ಷ, 1948ರ ಮೇ 1ರಂದು, ಅವರಿಗೆ ಅಧಿಕಾರಿಯ ಪದವಿ ದೊರೆಯಿತು.

ಮುಂದಿನ ಇಪ್ಪತ್ತಮೂರು ವರ್ಷಗಳಲ್ಲಿ ಅವರು ಹಡಗಿನ ಮೇಲೂ ದಡದ ಮೇಲೂ ನಾನಾ ಹೊಣೆಗಳನ್ನು ನಿರ್ವಹಿಸಿದರು. ಕೃಷ್ಣಾ ಎಂಬ ಯುದ್ಧನೌಕೆಯಲ್ಲಿ ಎರಡನೆಯ ಸ್ಥಾನದ ಅಧಿಕಾರಿಯಾಗಿದ್ದರು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ ಕಚೇರಿಯಲ್ಲಿ ಉಪ ನೌಕಾ ಸಲಹೆಗಾರರಾಗಿ ಮೂರು ವರ್ಷ ಸೇವೆ ಸಲ್ಲಿಸಿದರು. ರಾಣಾ ಎಂಬ ವಿನಾಶಕ ನೌಕೆಯ ನಾಯಕತ್ವವನ್ನೂ ಮುಂಬಯಿಯ ಆಂಗ್ರೆ ನೌಕಾನೆಲೆಯ ಆಡಳಿತವನ್ನೂ ನಡೆಸಿದರು. ಅವರು ಹೆಚ್ಚು ಓದಿದವರು. ಉರ್ದು ಕಾವ್ಯದಲ್ಲಿ ಅವರಿಗೆ ವಿಶೇಷವಾದ ಅಭಿರುಚಿಯಿತ್ತು. ಪತ್ನಿ ಸುಧಾ ಹಾಗೂ ಇಬ್ಬರು ಹೆಣ್ಣುಮಕ್ಕಳ ಪುಟ್ಟ ಸಂಸಾರ ಅವರದು. ನಾವಿಕನ ಮನೆಯವರಿಗೆ ಬೀಳ್ಕೊಡುವುದು ರೂಢಿಯ ಸಂಗತಿ. ಹಡಗು ಹೊರಟ ದಿನದಿಂದ ಮರಳುವ ದಿನದವರೆಗೆ ಕಾಯುವುದೇ ಅವರ ಪಾಲಿನ ಸೇವೆ.

1971ರ ಫೆಬ್ರವರಿಯಲ್ಲಿ ಕ್ಯಾಪ್ಟನ್ ಮುಲ್ಲಾ ಅವರು ಖುಕ್ರಿ ಎಂಬ ಯುದ್ಧನೌಕೆಯ ನಾಯಕತ್ವವನ್ನು ವಹಿಸಿಕೊಂಡರು. ಖುಕ್ರಿಯು ಇಂಗ್ಲೆಂಡಿನಲ್ಲಿ ನಿರ್ಮಾಣವಾಗಿ 1958ರಲ್ಲಿ ಭಾರತದ ನೌಕಾಪಡೆಗೆ ಸೇರಿದ ಫ್ರಿಗೇಟ್ ವರ್ಗದ ಹಡಗು. ಶತ್ರುವಿನ ಜಲಾಂತರ್ಗಾಮಿಗಳನ್ನು ಹುಡುಕಿ ನಾಶಪಡಿಸುವುದೇ ಅದರ ಮುಖ್ಯ ಕಾರ್ಯ. ಖುಕ್ರಿ, ಕೃಪಾಣ್, ಕುಠಾರ್ ಎಂಬ ಆಯುಧಗಳ ಹೆಸರಿನ ಹಡಗುಗಳು ಕೂಡಿ 14ನೆಯ ಫ್ರಿಗೇಟ್ ದಳವಾಗಿದ್ದವು. ಆ ದಳಕ್ಕೂ ಮುಲ್ಲಾ ಅವರೇ ನಾಯಕರು.

ಅದೇ ವರ್ಷದ ಡಿಸೆಂಬರ್ 3ರಂದು ಭಾರತ ಪಾಕಿಸ್ತಾನಗಳ ನಡುವೆ ಯುದ್ಧವು ಆರಂಭವಾಯಿತು. ಮರುದಿನ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಬಂದರಿನ ಮೇಲೆ ದಾಳಿ ಮಾಡಿದವು. ಈ ನಡುವೆ ಸೌರಾಷ್ಟ್ರದ ಕರಾವಳಿಯಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಸಂಚರಿಸುತ್ತಿದೆಯೆಂಬ ಸೂಚನೆಯು ರೇಡಿಯೋ ಸಂಕೇತಗಳಿಂದ ದೊರೆಯಿತು. ಅದನ್ನು ಹುಡುಕಿ ತಡೆಯುವ ಹೊಣೆಯು ಮುಲ್ಲಾ ಅವರ ದಳದ ಮೇಲೆ ಬಿದ್ದಿತು. ಡಿಸೆಂಬರ್ 8ರಂದು ಖುಕ್ರಿ ಮತ್ತು ಕೃಪಾಣ್ ಮುಂಬಯಿಯಿಂದ ಹೊರಟವು.

ಜಲಾಂತರ್ಗಾಮಿಯನ್ನು ಹುಡುಕುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ. ಹಡಗಿನ ತಳದಲ್ಲಿರುವ ಸೋನಾರ್ ಎಂಬ ಉಪಕರಣವು ನೀರಿನೊಳಕ್ಕೆ ಧ್ವನಿಯ ಅಲೆಗಳನ್ನು ಕಳುಹಿಸುತ್ತದೆ. ಆ ಅಲೆಗಳು ಜಲಾಂತರ್ಗಾಮಿಗೆ ತಗಲಿ ಹಿಂದಿರುಗಿದಾಗ ಅದು ಇರುವ ಸ್ಥಳವು ತಿಳಿಯುತ್ತದೆ. ಹಡಗು ವೇಗವಾಗಿ ಚಲಿಸಿದರೆ ಅದರ ಯಂತ್ರದ ಸದ್ದೇ ಈ ಮಾರ್ದನಿಯನ್ನು ಮುಚ್ಚಿಬಿಡುತ್ತದೆ. ಖುಕ್ರಿಯ ಸೋನಾರಿನ ಶಕ್ತಿಯನ್ನು ಹೆಚ್ಚಿಸುವ ಸುಧಾರಣೆಯೊಂದನ್ನು ಆಗ ಪರೀಕ್ಷಿಸಲಾಗುತ್ತಿತ್ತು. ಅದಕ್ಕಾಗಿ ಹಡಗು ನಿಧಾನವಾಗಿ ಸಾಗಬೇಕಾಗಿತ್ತು. ಆದರೆ ನಿಧಾನವಾಗಿ ಸಾಗುವ ಹಡಗು ಶತ್ರುವಿನ ಟಾರ್ಪಿಡೊಗೆ ಸುಲಭವಾದ ಗುರಿ. ಸ್ಪಷ್ಟವಾಗಿ ಕೇಳಬೇಕಾದರೆ ಅಪಾಯಕ್ಕೆ ಒಡ್ಡಿಕೊಳ್ಳಬೇಕು. ಅಪಾಯದಿಂದ ಪಾರಾಗಬೇಕಾದರೆ ಕಿವುಡಾಗಬೇಕು. ಇಂಥ ಸಂದಿಗ್ಧದಲ್ಲಿ ಆ ಹಡಗುಗಳು ಶೋಧವನ್ನು ನಡೆಸುತ್ತಿದ್ದವು. ಅತ್ತ ನೀರಿನ ಅಡಿಯಲ್ಲಿದ್ದ ಹಂಗೋರ್ ಎಂಬ ಜಲಾಂತರ್ಗಾಮಿಯು ಫ್ರಾನ್ಸಿನಲ್ಲಿ ನಿರ್ಮಾಣವಾದ ಹೊಸ ನೌಕೆ. ಅದರ ಶ್ರವಣಶಕ್ತಿಯು ಅದನ್ನು ಹುಡುಕುತ್ತಿದ್ದ ಹಡಗುಗಳ ಶಕ್ತಿಗಿಂತ ಮಿಗಿಲಾಗಿತ್ತು. ಬೇಟೆಗಾರನೇ ಬೇಟೆಯಾಗುವ ಸನ್ನಿವೇಶವು ಹೀಗೆ ಸಿದ್ಧವಾಯಿತು.

ಡಿಸೆಂಬರ್ 9ರ ರಾತ್ರಿ. ದೀವ್ ಕರಾವಳಿಯಿಂದ ಸುಮಾರು 40 ನಾಟಿಕಲ್ ಮೈಲಿ, ಎಂದರೆ 70 ಕಿಲೋಮೀಟರಿಗೂ ಹೆಚ್ಚು ದೂರದ ಕಡಲು. ಹಂಗೋರ್ ಮೊದಲು ಕೃಪಾಣದ ಮೇಲೆ ಬಿಟ್ಟ ಟಾರ್ಪಿಡೊ ಸಿಡಿಯದೆ ಹೋಯಿತು. ಎರಡನೆಯದು ಖುಕ್ರಿಯತ್ತ ಬಂದಿತು. ರಾತ್ರಿ ಒಂಬತ್ತಕ್ಕೆ ಕೆಲವೇ ನಿಮಿಷಗಳಿರುವಾಗ ಅದು ಹಡಗಿನ ಮದ್ದಿನ ಕೋಣೆಯ ಕೆಳಭಾಗದಲ್ಲಿ ಸ್ಫೋಟಿಸಿತು. ದೀಪಗಳು ಆರಿದವು. ಹಡಗು ಒಂದು ಪಕ್ಕಕ್ಕೆ ವಾಲಿ ಮುಳುಗತೊಡಗಿತು. ಕೆಳಗಿನ ಅಂತಸ್ತುಗಳಲ್ಲಿದ್ದವರಿಗೆ ಕತ್ತಲೆಯಲ್ಲಿ ಇಕ್ಕಟ್ಟಾದ ಏಣಿಗಳನ್ನು ಹತ್ತಿ ಮೇಲೆ ಬರಲು ಸಮಯವೇ ಇರಲಿಲ್ಲ. ಎಲ್ಲವೂ ಕೆಲವು ನಿಮಿಷಗಳ ಮಾತು.

ಆ ಕೆಲವು ನಿಮಿಷಗಳಲ್ಲಿಯೇ ಕ್ಯಾಪ್ಟನ್ ಮುಲ್ಲಾ ಅವರ ವ್ಯಕ್ತಿತ್ವವು ಪೂರ್ಣವಾಗಿ ಪ್ರಕಟವಾಯಿತು. ಹಡಗು ಉಳಿಯುವುದಿಲ್ಲವೆಂದು ಅರಿತೊಡನೆ ಅವರು ಎಲ್ಲರೂ ಹಡಗನ್ನು ತ್ಯಜಿಸಬೇಕೆಂದು ಆಜ್ಞೆಯಿತ್ತರು. ಸ್ವಲ್ಪವೂ ಗಾಬರಿಗೊಳ್ಳದೆ ಕ್ರಮವಾಗಿ ರಕ್ಷಣೆಯ ಏರ್ಪಾಟುಗಳನ್ನು ನೋಡಿಕೊಂಡರು. ಕಪ್ಪು ನೀರಿಗೆ ಹಾರಲು ಹಿಂಜರಿದವರನ್ನು ಅವರೇ ಕೆಳಗೆ ತಳ್ಳಿ ಬದುಕಿಸಿದರೆಂದು ಉಳಿದುಬಂದವರು ನೆನೆದಿದ್ದಾರೆ. ತಮ್ಮ ಪಾಲಿನ ಜೀವರಕ್ಷಕ ಕವಚವನ್ನು ಒಬ್ಬ ನಾವಿಕನಿಗೆ ಕೊಟ್ಟುಬಿಟ್ಟರು. ಸಾಧ್ಯವಾದಷ್ಟು ಜನರನ್ನು ಕಳುಹಿಸಿಯಾದ ಮೇಲೂ ಅವರು ನೀರಿಗೆ ಇಳಿಯಲಿಲ್ಲ. ಒಳಗೆ ಇನ್ನೂ ತಮ್ಮವರು ಸಿಕ್ಕಿಕೊಂಡಿದ್ದರು. ಇನ್ನೇನಾದರೂ ಮಾಡಲು ಸಾಧ್ಯವೇ ಎಂದು ನೋಡುವುದಕ್ಕಾಗಿ ಅವರು ಬ್ರಿಜ್ ಎನಿಸುವ ಚಾಲನಾ ವೇದಿಕೆಗೆ ಹಿಂದಿರುಗಿದರು. ನೀರಿನಲ್ಲಿ ತೇಲುತ್ತಿದ್ದ ನಾವಿಕರಿಗೆ ತಮ್ಮ ನಾಯಕರು ಹಡಗಿನೊಡನೆ ಇಳಿದುಹೋಗುತ್ತಿದ್ದುದು ಕಂಡಿತು. ಅದೇ ಅವರ ಕೊನೆಯ ದರ್ಶನ. ಆಗ ಅವರ ವಯಸ್ಸು 45.

18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಆ ರಾತ್ರಿ ಪ್ರಾಣವನ್ನು ನೀಗಿದರು. ಬದುಕುಳಿದ 67 ಮಂದಿ ಇರುಳೆಲ್ಲ ಕಡಲಿನ ಮೇಲೆ ಕಳೆದರು. ಮರುದಿನ ಕೃಪಾಣ್ ಮತ್ತು ಕಚ್ಚಲ್ ಹಡಗುಗಳು ಬಂದು ಅವರನ್ನು ಎತ್ತಿಕೊಂಡವು. ಸ್ವಾತಂತ್ರ್ಯಾನಂತರ ಯುದ್ಧದಲ್ಲಿ ಭಾರತದ ನೌಕಾಪಡೆಯು ಕಳೆದುಕೊಂಡ ಏಕೈಕ ಯುದ್ಧನೌಕೆ ಖುಕ್ರಿ. ಕ್ಯಾಪ್ಟನ್ ಮುಲ್ಲಾ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿ ರಾಷ್ಟ್ರವು ಗೌರವಿಸಿತು.

ಇಲ್ಲಿ ಒಂದು ಪ್ರಶ್ನೆಯನ್ನು ನಾವು ಕೇಳದೆ ಇರಲಾಗದು. ಹಡಗು ಮುಳುಗುವಾಗ ನಾಯಕನೂ ಮುಳುಗಲೇಬೇಕೆ? ಹಾಗೆಂದು ಯಾವ ಕಾನೂನೂ ವಿಧಿಸುವುದಿಲ್ಲ. ತನ್ನ ಆಶ್ರಯದಲ್ಲಿರುವವರೆಲ್ಲರನ್ನೂ ಕಳುಹಿಸಿದ ಮೇಲೆ ನಾಯಕನು ಕೊನೆಯವನಾಗಿ ಹಡಗನ್ನು ಬಿಡಬೇಕೆಂಬುದು ನಾವಿಕರ ಪರಂಪರೆ. ಮನೆಯಲ್ಲಿ ಪತ್ನಿಯಿದ್ದಾರೆ, ಬೆಳೆಯುವ ಹೆಣ್ಣುಮಕ್ಕಳಿದ್ದಾರೆ. ಅವರಿಗೂ ಆ ಜೀವದ ಮೇಲೆ ಹಕ್ಕಿಲ್ಲವೆ? ಖಂಡಿತವಾಗಿಯೂ ಇದೆ. ಆದರೆ ಆ ಹೊತ್ತಿನಲ್ಲಿ ಹಡಗಿನ ಒಳಗೆ ಉಳಿದಿದ್ದ ಪ್ರತಿಯೊಬ್ಬನಿಗೂ ಅಂಥದೇ ಒಂದು ಮನೆಯಿತ್ತು. ಅವರಲ್ಲಿ ಒಬ್ಬರಿದ್ದರೂ ಕೊನೆಯವನಾಗಿ ಹೊರಡುವ ಸರದಿ ತಮಗೆ ಬಂದಿಲ್ಲವೆಂಬ ನಡತೆಯನ್ನು ಅವರ ಕಾರ್ಯದಲ್ಲಿ ನಾವು ಕಾಣುತ್ತೇವೆ. ತನ್ನ ಮನೆಯನ್ನು ಮಿಕ್ಕವರ ಮನೆಗಳಿಗಿಂತ ಮೇಲೆಂದು ಎಣಿಸದಿರುವುದು ಸುಲಭವಾದ ಧರ್ಮವಲ್ಲ. ಅದರ ಬೆಲೆಯನ್ನು ತೆರುವವರು ಹೋದವರಿಗಿಂತ ಹೆಚ್ಚಾಗಿ ಉಳಿದವರು.

ಇಂಥ ಬೆಲೆಯನ್ನು ತೆತ್ತ ಮನೆಗಳು ಲೋಕದಲ್ಲಿ ಬೇರೆಯೂ ಇವೆ. 1912ರ ಏಪ್ರಿಲ್ 15ರಂದು ಅಟ್ಲಾಂಟಿಕ್ ಸಾಗರದಲ್ಲಿ ಟೈಟಾನಿಕ್ ಹಡಗು ಮುಳುಗಿ ಸುಮಾರು 1500 ಮಂದಿ ಮಡಿದಾಗ ಅದರ ನಾಯಕ ಎಡ್ವರ್ಡ್ ಸ್ಮಿತ್ ಕೂಡ ಹಡಗಿನೊಡನೆ ಹೋದರು. 1914ರಲ್ಲಿ ಇಂಗ್ಲೆಂಡಿನ ಲಿಚ್‌ಫೀಲ್ಡ್ ಪಟ್ಟಣದಲ್ಲಿ ಅವರ ಪ್ರತಿಮೆಯನ್ನು ಅನಾವರಣಗೊಳಿಸಿದವಳು ಅವರ ಒಬ್ಬಳೇ ಮಗಳು ಹೆಲೆನ್. ಹಿಮಗಡ್ಡೆಗಳ ಎಚ್ಚರಿಕೆಯಿದ್ದರೂ ಹಡಗನ್ನು ವೇಗವಾಗಿ ನಡೆಸಿದರೆಂಬ ಆಕ್ಷೇಪವು ಆ ನಾಯಕನ ಹೆಸರಿನೊಡನೆ ಸೇರಿಕೊಂಡಿತ್ತು. ತಂದೆಯ ಕೀರ್ತಿಯೊಡನೆ ತಂದೆಯ ಮೇಲಿನ ಪ್ರಶ್ನೆಗಳೂ ಆ ಬಾಲಕಿಯ ಪಾಲಿಗೆ ಬಂದವು. ದಾಯವು ಬರುವಾಗ ಸ್ವತ್ತು ಮಾತ್ರವಲ್ಲದೆ ಋಣವೂ ಬರುತ್ತದೆಯೆಂಬುದು ವಿಜ್ಞಾನೇಶ್ವರನ ನಾಡಿನವರಿಗೆ ಹೊಸ ಮಾತೇನೂ ಅಲ್ಲ.

ಖುಕ್ರಿಯ ದಾಯದಲ್ಲಿಯೂ ಪ್ರಶ್ನೆಗಳಿವೆ. ಶ್ರವಣಶಕ್ತಿ ಕಡಿಮೆಯಿದ್ದ ಹಡಗುಗಳನ್ನು ಅಂಥ ಶೋಧಕ್ಕೆ ಕಳುಹಿಸಿದುದು ಸರಿಯೆ, ಪರೀಕ್ಷೆಗಾಗಿ ನಿಧಾನವಾಗಿ ಸಾಗಿದುದು ಸರಿಯೆ ಎಂಬುದನ್ನು ಯುದ್ಧದ ಇತಿಹಾಸವನ್ನು ಬಲ್ಲವರು ಚರ್ಚಿಸುತ್ತಲೇ ಬಂದಿದ್ದಾರೆ. ಈ ಚರ್ಚೆಯಿಂದ ಕ್ಯಾಪ್ಟನ್ ಮುಲ್ಲಾ ಅವರ ಹಿರಿಮೆಯು ಕುಂದುವುದಿಲ್ಲ. ಸೋಲಿನ ಕಾರಣವನ್ನು ಅರಿಯದೆ ವೀರರನ್ನು ಹೊಗಳುವುದಷ್ಟೇ ಅವರಿಗೆ ಸಲ್ಲಿಸುವ ಗೌರವವಾಗಲಾರದು. ಮುಂದಿನ ನಾವಿಕರು ಹೆಚ್ಚು ಒಳ್ಳೆಯ ಉಪಕರಣಗಳೊಡನೆ, ಹೆಚ್ಚು ಎಚ್ಚರದೊಡನೆ ಕಡಲಿಗೆ ಇಳಿಯುವಂತಾಗಬೇಕಾದರೆ ಈ ಪ್ರಶ್ನೆಗಳೂ ಉಳಿಯಬೇಕು. ಹಂಗೋರನ್ನು ನಡೆಸಿದವರೂ ತಮ್ಮ ದೇಶದ ಆಜ್ಞೆಯನ್ನು ಪಾಲಿಸಿದ ನಾವಿಕರೇ. ಆ ಜಲಾಂತರ್ಗಾಮಿಯನ್ನು ಕರಾಚಿಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಮುಲ್ಲಾ ಅವರ ಮನೆಯಲ್ಲಿ ಉಳಿದವರು ಒಬ್ಬ ವಿಧವೆ ಹಾಗೂ ಇಬ್ಬರು ಹೆಣ್ಣುಮಕ್ಕಳು. ಶೋಕವನ್ನು ಅವರು ತಮ್ಮ ಬಾಳಿನ ಏಕಮಾತ್ರ ಸ್ವತ್ತನ್ನಾಗಿ ಮಾಡಿಕೊಳ್ಳಲಿಲ್ಲ. ಮಗಳಾದ ಅಮಿತಾ ಮುಲ್ಲಾ ವಟ್ಟಲ್ ಅವರು ಶಿಕ್ಷಣವನ್ನು ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಂಡರು. ದೆಹಲಿಯ ಪೂಸಾ ರಸ್ತೆಯ ಸ್ಪ್ರಿಂಗ್‌ಡೇಲ್ಸ್ ಶಾಲೆಯ ಪ್ರಾಂಶುಪಾಲರಾಗಿ ಅನೇಕ ವರ್ಷ ಮಕ್ಕಳ ಏಳಿಗೆಗಾಗಿ ದುಡಿದರು. ತಂದೆಯು ಹಡಗಿನವರನ್ನು ಕಾಯ್ದರೆ ಮಗಳು ಶಾಲೆಯ ಮಕ್ಕಳನ್ನು ಕಾಯ್ದಳು. ಇತರರ ಮಕ್ಕಳನ್ನು ತನ್ನ ಹೊಣೆಯೆಂದು ತಿಳಿಯುವುದು ಇಬ್ಬರ ಕಾಯಕದಲ್ಲಿಯೂ ಒಂದೇ.

ನೌಕಾಪಡೆಯೂ ಈ ದಾಯದ ಪಾಲುದಾರನಾಯಿತು. ಹಡಗು ಮುಳುಗಿದರೂ ಅದರ ಹೆಸರು ಮುಳುಗಬಾರದೆಂಬುದು ನೌಕಾಪಡೆಗಳ ಸಂಪ್ರದಾಯ. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ನಿರ್ಮಾಣವಾದ ಹೊಸ ಯುದ್ಧನೌಕೆಯೊಂದಕ್ಕೆ ಖುಕ್ರಿ ಎಂಬ ಹೆಸರನ್ನೇ ಇಡಲಾಯಿತು. 1989ರ ಆಗಸ್ಟ್ 23ರಂದು ಮುಂಬಯಿಯಲ್ಲಿ ಅದನ್ನು ಸೇವೆಗೆ ಸಮರ್ಪಿಸಿದವರು ಇಬ್ಬರು. ಒಬ್ಬರು ಅಂದಿನ ರಕ್ಷಣಾ ಮಂತ್ರಿಗಳಾದ ಕೃಷ್ಣಚಂದ್ರ ಪಂತ್. ಇನ್ನೊಬ್ಬರು ಸುಧಾ ಮುಲ್ಲಾ. ಯಾವ ಹೆಸರಿನ ಹಡಗು ಹದಿನೆಂಟು ವರ್ಷಗಳ ಹಿಂದೆ ತನ್ನ ಪತಿಯನ್ನು ಕೊಂಡೊಯ್ದಿತ್ತೋ ಅದೇ ಹೆಸರಿನ ಹಡಗನ್ನು ಆ ತಾಯಿಯು ಕಡಲಿಗೆ ಕಳುಹಿಸಿಕೊಟ್ಟರು. ಆ ಹಡಗಿನಲ್ಲಿ ಹೊರಟವರು ಬೇರೆ ತಾಯಂದಿರ ಮಕ್ಕಳು. ಅವರನ್ನು ಬೀಳ್ಕೊಡಲು ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ನಾವು ಊಹಿಸಿಕೊಳ್ಳಬೇಕು.

ಎರಡನೆಯ ಖುಕ್ರಿಯು 32 ವರ್ಷ ಸೇವೆ ಸಲ್ಲಿಸಿತು. 6,44,897 ನಾಟಿಕಲ್ ಮೈಲಿಗಳಷ್ಟು ದೂರವನ್ನು ಅದು ಕ್ರಮಿಸಿತು. ಇದು ಭೂಮಂಡಲವನ್ನು ಸುಮಾರು ಮೂವತ್ತು ಬಾರಿ ಸುತ್ತಿದುದಕ್ಕೆ ಸಮ. 2021ರ ಡಿಸೆಂಬರ್ 23ರಂದು ವಿಶಾಖಪಟ್ಟಣದಲ್ಲಿ ಅದಕ್ಕೆ ವಿಶ್ರಾಂತಿ ದೊರೆಯಿತು. ಕ್ಷೇಮವಾಗಿ ಹೋಗಿ ಕ್ಷೇಮವಾಗಿ ಬಂದು ತನ್ನ ಆಯುಷ್ಯವನ್ನು ಪೂರೈಸಿದ ಆ ಹಡಗನ್ನು ಮುಂದಿನ ವರ್ಷ ದೀವ್‌ನ ಆಡಳಿತಕ್ಕೆ ಒಪ್ಪಿಸಲಾಯಿತು. ಮೊದಲನೆಯ ಖುಕ್ರಿಯು ಯಾವ ಕಡಲಿನಲ್ಲಿ ಮಲಗಿದೆಯೋ ಅದರ ದಡಕ್ಕೆ ಎರಡನೆಯ ಖುಕ್ರಿಯು ಬಂದು ಸೇರಿತು. ಅಲ್ಲಿಯೇ ಕಡಲಿಗೆ ಎದುರಾದ ದಿಬ್ಬವೊಂದರ ಮೇಲೆ 1999ರಲ್ಲಿ ನಿರ್ಮಿಸಿದ ಸ್ಮಾರಕವಿದೆ. ಗಾಜಿನ ಆವರಣದೊಳಗೆ ಖುಕ್ರಿಯ ಒಂದು ಚಿಕ್ಕ ಮಾದರಿಯನ್ನು ಇರಿಸಲಾಗಿದೆ. ಅದು ಒಬ್ಬ ನಾಯಕನ ಸ್ಮಾರಕ ಮಾತ್ರವಲ್ಲ, 194 ಮಂದಿಯ ಸ್ಮಾರಕ. 2000ದಲ್ಲಿ ಭಾರತದ ಅಂಚೆ ಇಲಾಖೆಯು ಕ್ಯಾಪ್ಟನ್ ಮುಲ್ಲಾ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಕಡಲಿನಲ್ಲಿ ಮರೆಯಾದ ಮುಖವು ಅದರ ಮೂಲಕ ಕಡಲು ಕಾಣದ ಊರುಗಳನ್ನೂ ತಲಪಿತು.

ಈಗ ಮತ್ತೆ ಮರತೂರಿನ ವಿದ್ವಾಂಸನ ಕಡೆಗೆ ಹೊರಳೋಣ. ವಿಭಕ್ತನಾಗಿದ್ದು ಗಂಡುಮಕ್ಕಳಿಲ್ಲದೆ ಗತಿಸಿದವನ ಸ್ವತ್ತಿಗೆ ಮೊದಲ ಹಕ್ಕು ಅವನ ಪತ್ನಿಯದೆಂದು ವಿಜ್ಞಾನೇಶ್ವರನು ಒಂಬತ್ತು ನೂರು ವರ್ಷಗಳ ಹಿಂದೆಯೇ ಸ್ಥಾಪಿಸಿದ್ದನು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಬಹುಕಾಲ ಗಂಡುಮಕ್ಕಳಿಗೆ ಮಾತ್ರ ಸಲ್ಲುತ್ತಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಆ ಹಕ್ಕು ದೇಶದಾದ್ಯಂತ ಸಮವಾಗಿ ದೊರೆಯಿತು. ಕ್ಯಾಪ್ಟನ್ ಮುಲ್ಲಾ ಅವರು ಬಿಟ್ಟುಹೋದ ದಾಯವಾದರೋ ಯಾವ ತಿದ್ದುಪಡಿಗೂ ಕಾಯಲಿಲ್ಲ. ಪತ್ನಿಯೂ ಹೆಣ್ಣುಮಕ್ಕಳೂ ಅದನ್ನು ಸ್ವೀಕರಿಸಿದರು. ತಮ್ಮ ಪಾಲಿನಲ್ಲಿ ಉಳಿಸಿಕೊಳ್ಳದೆ ಇತರರಿಗೂ ಹಂಚಿದರು.

ಹೊಲವನ್ನು ಹಂಚಿದರೆ ಪ್ರತಿಯೊಬ್ಬನ ಪಾಲು ಕಿರಿದಾಗುತ್ತದೆ. ಮನೆಯನ್ನು ಹಂಚಿದರೆ ನಡುವೆ ಗೋಡೆ ಏಳುತ್ತದೆ. ಕರ್ತವ್ಯನಿಷ್ಠೆಯು ಹಾಗಲ್ಲ, ಅದು ಹಂಚಿದಷ್ಟೂ ಬೆಳೆಯುವ ಸ್ವತ್ತು. ಕಾಗಿಣೆಯ ದಡದ ಹಳ್ಳಿಯಲ್ಲಿ ಓದುತ್ತಿರುವ ಬಾಲಕನಿಗಾಗಲಿ ಚಿಂಚೋಳಿಯ ಕಾಡಿನಂಚಿನ ಬಾಲಕಿಗಾಗಲಿ ಅದರಲ್ಲಿ ಪಾಲಿದೆ. ನಮ್ಮ ಪಾಲಿಗೆ ಹಡಗು ಬರಲಾರದು; ಆದರೆ ಒಂದು ಶಾಲೆಯ, ಒಂದು ಊರಿನ, ಒಂದು ಕುಟುಂಬದ ಹೊಣೆ ಬಂದೇ ಬರುತ್ತದೆ. ಆಗ ಕಷ್ಟಕಾಲದಲ್ಲಿ ಮೊದಲು ಹೊರಡುವವರು ಯಾರು, ಕೊನೆಗೆ ಹೊರಡುವವರು ಯಾರು ಎಂಬ ಪ್ರಶ್ನೆ ಏಳುವುದು. ಆ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿ ಕ್ಯಾಪ್ಟನ್ ಮುಲ್ಲಾ ಅವರ ದಾಯವು ನಮಗೆ ಸಲ್ಲಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.